ಐಯೋದ ಮೇಲೆ ಬಾಂದುಕಲ್ಲು ಹುಡುಕಿದ್ದು

ಪುಣೆಯ ಕೋಥ್ರೂಡಿನ ಮನೆಯಲ್ಲಿ, ಕಚೇರಿಯ ಕೆಲಸ ಮುಗಿದ ಮೇಲಿನ ರಾತ್ರಿಗಳಲ್ಲಿ, ಗುರುವಿನ ಉಪಗ್ರಹ ಐಯೋದ ಜ್ವಾಲಾಮುಖಿಗಳ ನಕ್ಷೆಯೊಂದನ್ನು ಸಿದ್ಧಪಡಿಸಿದೆ. ಆಧಾರವಾಗಿದ್ದುದು ಗುರುಗ್ರಹದ ಅಧ್ಯಯನಕ್ಕೆಂದು ನಾಸಾ ಕಳುಹಿಸಿದ ಜೂನೋ ನೌಕೆಯ ಚಿತ್ರಗಳು, ಅದರಲ್ಲಿನ ಜಿರಾಮ್ ಎಂಬ ಅವಕೆಂಪು, ಅಂದರೆ ಶಾಖವನ್ನು ಕಾಣುವ, ಕ್ಯಾಮೆರಾ ತೆಗೆದವು. ಅವು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ.

ಐಯೋದ ನೆಲ ಬಹುಪಾಲು ಮೈನಸ್ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ, 4.5ರಿಂದ 5 ಮೈಕ್ರಾನ್ ತರಂಗಾಂತರದಲ್ಲಿ ಅದರ ಇರುಳಿನ ಪಾರ್ಶ್ವ ಕಪ್ಪಾಗಿದ್ದು, ಲಾವಾ ಇರುವ ಜಾಗಗಳು ಮಾತ್ರ ಕೆಂಡದಂತೆ ಎದ್ದು ಕಾಣುತ್ತವೆ. ಕಾಣುವುದು ಸುಲಭ, ಅದು ಎಲ್ಲಿದೆ ಎಂದು ಹೇಳುವುದೇ ಕಷ್ಟ. ಲಕ್ಷ ಕಿಲೋಮೀಟರ್ ದೂರದಿಂದ ಈ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 24 ಕಿಲೋಮೀಟರ್ ನೆಲವನ್ನು ಆವರಿಸುತ್ತದೆ. ಮೂರು ಪಿಕ್ಸೆಲ್ ತಪ್ಪಿದರೆ ಬೇರೊಂದು ಜ್ವಾಲಾಮುಖಿಯ ಹೆಸರು ಬರೆದುಬಿಡುತ್ತೇವೆ.

ನಾನು ಎಡವಿದ್ದು ಅದಕ್ಕೂ ಮೊದಲೇ. 51 ಡಿಗ್ರಿ ರೇಖಾಂಶದ ಬಳಿ ಭಾರಿ ಪ್ರಖರ ಚುಕ್ಕೆಯೊಂದು ಕಂಡಿತು, ಐಯೋದ ಜ್ವಾಲಾಮುಖಿಗಳ ಹಳೆಯ ಪಟ್ಟಿಯಲ್ಲಿ ಅಲ್ಲಿ ಅಂಥದ್ದೇನೂ ಇರಲಿಲ್ಲ. ಹೊಸದನ್ನು ಕಂಡುಹಿಡಿದೆನೆಂದು ಎರಡು ರಾತ್ರಿ ಹಿಗ್ಗಿದೆ. ಆಮೇಲೆ ಹೊಳೆಯಿತು: ಆ ಪಟ್ಟಿ ರೇಖಾಂಶವನ್ನು ಪಶ್ಚಿಮದ ಕಡೆಗೆ ಎಣಿಸುತ್ತದೆ, ನನ್ನ ತಂತ್ರಾಂಶ ಪೂರ್ವದ ಕಡೆಗೆ. 360ರಿಂದ 51 ಕಳೆದರೆ 309. ಅದು ಲೋಕಿ ಪಟೇರಾ, ಐಯೋದ ಅತ್ಯಂತ ಪ್ರಸಿದ್ಧ ಲಾವಾ ಸರೋವರ! ಧಾರವಾಡದ ಕಡೆ ಮೋಜಣಿದಾರರಾಗಿದ್ದ ನಮ್ಮ ಅಪ್ಪ "ಬಾಂದುಕಲ್ಲು ಸಿಗೂತನಕ ಸರಪಳಿ ಬಿಚ್ಚಬ್ಯಾಡ" ಎನ್ನುತ್ತಿದ್ದುದು ಆಗ ನೆನಪಾಯಿತು.

ಹಾಗೆಂದು ಲೋಕಿಯನ್ನೇ ಬಾಂದುಕಲ್ಲು ಮಾಡಿಕೊಳ್ಳುವಂತಿಲ್ಲ. ಸುಮಾರು 200 ಕಿಲೋಮೀಟರ್ ಅಗಲದ ಆ ಸರೋವರದೊಳಗೆ ಹೆಚ್ಚು ಬಿಸಿಯಾದ ಭಾಗ ಕಾಲಕಾಲಕ್ಕೆ ಜಾಗ ಬದಲಿಸುತ್ತದೆ. ಆದುದರಿಂದ ದಿಕ್ಕು ಸರಿಯಿದೆಯೇ ಎಂದು ನೋಡಲು ಮಾತ್ರ ಅದನ್ನು ಬಳಸಿ, ಉಳಿದ ಹೊಂದಾಣಿಕೆಗೆ ಐಯೋದ ಅಂಚನ್ನೇ ನಂಬಿದೆ: ಅಂಚಿನ ಸ್ವಲ್ಪ ಭಾಗಕ್ಕಾದರೂ ಬಿಸಿಲು ಬಿದ್ದಿರುವ ಚಿತ್ರಗಳನ್ನು ಆಯ್ದುಕೊಂಡು, 1,821 ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಆ ಬೆಳಕಿನ ಕಮಾನಿಗೆ ಕೂರಿಸಿ, ಬಂದ ವ್ಯತ್ಯಾಸದಷ್ಟು ಇಡೀ ಚಿತ್ರವನ್ನು ಸರಿಸಿದೆ.

ಗುರುವಿನ ವಿಕಿರಣದ ಕಣಗಳು ಬಡಿದಾಗಲೂ ಪಿಕ್ಸೆಲ್ ಮಿನುಗುವುದರಿಂದ, ಎರಡು ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಕಂಡದ್ದನ್ನಷ್ಟೇ ನಕ್ಷೆಗೆ ಸೇರಿಸಿದೆ. ದಕ್ಷಿಣ ಧ್ರುವದ ಹತ್ತಿರದ ಒಂದು ಚುಕ್ಕೆ ಒಂದೇ ಚಿತ್ರದಲ್ಲಿದೆ. ಅದರ ಪಕ್ಕದಲ್ಲಿ ಇನ್ನೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.