ಕ್ರಿಸ್‌ಮಸ್ ಮಾರಾಟಕ್ಕೆ ಬಿಳಿ ನಕ್ಷತ್ರಗಳು: ಒಣಗಿಸುವುದರಲ್ಲೇ ಇದೆ ಕೆಲಸ

ನವೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರಿನ ಚರ್ಚ್ ಆವರಣಗಳಲ್ಲಿ, ಶಾಲೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಸಭಾಂಗಣಗಳಲ್ಲಿ ಸಹಾಯಾರ್ಥ ಮಾರಾಟಗಳು ಆರಂಭವಾಗುತ್ತವೆ. ಕೈಯಿಂದ ಮಾಡಿದ ಅಲಂಕಾರಗಳ ಮೇಜಿನ ಮುಂದೆ ನಿಂತು ನೋಡಿದರೆ ಎರಡು ದೋಷಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ: ಅಂಚು ಮೇಲೆದ್ದು ಬಾಗಿದ ನಕ್ಷತ್ರಗಳು ಮತ್ತು ದಾರದ ತೂತಿನ ಬಳಿ ಬಿರುಕು ಬಿಟ್ಟ ಗಂಟೆಗಳು. ಮಾಡಿದವರ ಶ್ರದ್ಧೆಯಲ್ಲಿ ಕೊರತೆಯಿರುವುದಿಲ್ಲ. ಒಣಗಿಸುವ ಹಂತದಲ್ಲಿ ಆತುರಪಟ್ಟಿರುತ್ತಾರೆ, ಅಷ್ಟೇ. ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವಾಗ ಕೊಳ್ಳುವವರ ಕೈಗೆ ಕೊಟ್ಟ ಹಣಕ್ಕೆ ತಕ್ಕ ವಸ್ತು ಸೇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಹತ್ತು ಬಗೆಯ ಅಲಂಕಾರಗಳನ್ನು ಅರೆಬರೆಯಾಗಿ ಮಾಡುವ ಬದಲು ಒಂದೇ ಬಗೆಯದನ್ನು ಚೆನ್ನಾಗಿ ಮಾಡಿ. ನನ್ನ ಆಯ್ಕೆ ಅಡುಗೆ ಸೋಡಾ ಮತ್ತು ಕಾರ್ನ್‌ಫ್ಲೋರ್ ಸೇರಿಸಿ ಬೇಯಿಸಿದ ಬಿಳಿ ಹಿಟ್ಟು. ಮೈದಾ ಮತ್ತು ಉಪ್ಪು ಕಲಸಿ ಮಾಡುವ ಹಿಟ್ಟು ಹೆಚ್ಚು ಪ್ರಸಿದ್ಧವಾಗಿದೆ, ನಿಜ. ಆದರೆ ಉಪ್ಪು ಗಾಳಿಯ ತೇವವನ್ನು ಹೀರುವುದರಿಂದ ಅಂತಹ ಅಲಂಕಾರಗಳು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಗಾಗುತ್ತವೆ, ಬಣ್ಣವೂ ಕಂದಿದ ಬಿಸ್ಕತ್ತಿನದು. ಸೋಡಾ ಹಿಟ್ಟು ಒಣಗಿದಾಗ ತಾನಾಗಿ ಬೆಳ್ಳಗೆ, ನುಣುಪಾಗಿ ನಿಲ್ಲುತ್ತದೆ. ಬಣ್ಣ ಹಚ್ಚುವ ಹೊತ್ತೂ ಉಳಿಯುತ್ತದೆ.

ಅಳತೆ ಸುಲಭ: ಎರಡು ಕಪ್ ಅಡುಗೆ ಸೋಡಾ, ಒಂದು ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ತಣ್ಣೀರು. ಇಷ್ಟರಿಂದ ಸುಮಾರು 6 ಸೆಂಟಿಮೀಟರ್ ಅಗಲದ ಮೂವತ್ತರಿಂದ ನಲವತ್ತು ನಕ್ಷತ್ರಗಳಾಗುತ್ತವೆ. ಸಾಮಾನು ಕೊಳ್ಳುವಾಗ ಮೂರು ವಿಷಯಗಳನ್ನು ಗಮನಿಸಿ. ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಒಂದೇ ಅಲ್ಲ; ಬೇಕಿಂಗ್ ಪೌಡರಿನಲ್ಲಿ ಆಮ್ಲವೂ ಬೆರೆತಿರುವುದರಿಂದ ನೀರು ತಗುಲಿದೊಡನೆ ನೊರೆ ಬಂದು ಹಿಟ್ಟು ಕೆಡುತ್ತದೆ. ವಾಷಿಂಗ್ ಸೋಡಾ ಚರ್ಮವನ್ನು ಉರಿಸುವ ವಸ್ತು, ಅದನ್ನು ಇಲ್ಲಿ ಬಳಸಲೇಬಾರದು. ಕಾರ್ನ್‌ಫ್ಲೋರ್ ಎಂದು ಕೇಳಿದಾಗ ಕೆಲವು ಅಂಗಡಿಗಳಲ್ಲಿ ಹಳದಿ ಮೆಕ್ಕೆಜೋಳದ ಹಿಟ್ಟನ್ನು ಕೊಡುತ್ತಾರೆ; ನಮಗೆ ಬೇಕಾದದ್ದು ಬೆರಳ ನಡುವೆ ಉಜ್ಜಿದರೆ ಕಿರುಗುಟ್ಟುವ ಅಚ್ಚ ಬಿಳಿಯ ಪುಡಿ. ಸಣ್ಣ ಡಬ್ಬಿಗಳಲ್ಲಿ ಬರುವ ಸೋಡಾ ದುಬಾರಿಯಾಗುತ್ತದೆ. ದಿನಸಿ ಸಗಟು ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳಿ.

ಮೂರನ್ನೂ ದಪ್ಪ ತಳದ ಪಾತ್ರೆಯಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಮೊದಲು ಹಾಲಿನಂತೆ ತೆಳ್ಳಗಿರುವ ಮಿಶ್ರಣ ಕೆಲವು ನಿಮಿಷ ಹಾಗೆಯೇ ಇದ್ದು ಒಮ್ಮೆಲೇ ಗಟ್ಟಿಯಾಗತೊಡಗುತ್ತದೆ, ಏಕೆಂದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾರ್ನ್‌ಫ್ಲೋರಿನ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಬಹಳಷ್ಟು ಮಂದಿ ಇಲ್ಲಿಯೇ ತಡಮಾಡುತ್ತಾರೆ. ರಾಗಿ ಮುದ್ದೆ ತಿರುವುವಾಗ ಹಿಟ್ಟು ಪಾತ್ರೆಯ ಅಂಚು ಬಿಟ್ಟು ಕೋಲಿಗೆ ಕೂಡಿಕೊಳ್ಳುವ ಗಳಿಗೆಯೊಂದಿದೆಯಲ್ಲ, ಅದೇ ಗಳಿಗೆ ಇಲ್ಲಿಯೂ ಬರುತ್ತದೆ. ಆಗ ತಕ್ಷಣ ಒಲೆ ಆರಿಸಬೇಕು. ಇನ್ನೂ ಒಂದೆರಡು ನಿಮಿಷ ಇರಲಿ ಎಂದು ಬಿಟ್ಟರೆ ನೀರು ಆರಿ ಹಿಟ್ಟು ಪುಡಿಪುಡಿಯಾಗುತ್ತದೆ, ಅಂಥ ಹಿಟ್ಟು ಲಟ್ಟಿಸುವಾಗಲೇ ಬಿರಿಯುತ್ತದೆ. ಹಿಟ್ಟನ್ನು ತಟ್ಟೆಗೆ ಹಾಕಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ ತಣಿಯಲು ಬಿಡಿ. ಬಟ್ಟೆ ಮುಚ್ಚದಿದ್ದರೆ ಮೇಲೆ ಸಿಪ್ಪೆಗಟ್ಟುತ್ತದೆ, ಆ ಸಿಪ್ಪೆ ಎಷ್ಟು ನಾದಿದರೂ ಕರಗುವುದಿಲ್ಲ. ತಣಿದ ಮೇಲೆ ಐದು ನಿಮಿಷ ನಾದಿ.

ಲಟ್ಟಿಸುವುದಕ್ಕೆ ಎರಡು ಬಟರ್ ಪೇಪರ್‌ಗಳ ನಡುವೆ ಹಿಟ್ಟನ್ನಿಟ್ಟು 5 ಮಿಲಿಮೀಟರ್ ದಪ್ಪಕ್ಕೆ ತನ್ನಿ. ಇದಕ್ಕಿಂತ ತೆಳುವಾದರೆ ಬಾಗುತ್ತದೆ. ದಪ್ಪವಾದರೆ ತೂಕ ಹೆಚ್ಚಿ, ನಮ್ಮಲ್ಲಿ ಬಹುತೇಕ ಮನೆಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಮರದ ಕೊಂಬೆ ಜಗ್ಗುತ್ತದೆ. ಎಲ್ಲ ಕಡೆ ಒಂದೇ ದಪ್ಪ ಬರಬೇಕೆಂದರೆ ಹಿಟ್ಟಿನ ಎರಡೂ ಬದಿಗೆ 5 ಮಿಲಿಮೀಟರ್ ದಪ್ಪದ ಎರಡು ಮರದ ಪಟ್ಟಿಗಳನ್ನಿಟ್ಟು ಲಟ್ಟಣಿಗೆಯನ್ನು ಅವುಗಳ ಮೇಲೆ ಉರುಳಿಸಿ. ಕತ್ತರಿಸುವ ಮೊದಲು ಒಂದು ಎಲೆಯ ಅಚ್ಚು ಒತ್ತುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಬೆಂಗಳೂರಿನ ಹಲವು ರಸ್ತೆಗಳಲ್ಲಿ ಸಿಲ್ವರ್ ಓಕ್ ಮರಗಳಿವೆ. ಜರೀಗಿಡದಂತೆ ಸೀಳಿಕೊಂಡ ಅದರ ಎಲೆಯನ್ನು ನರಗಳಿರುವ ಬದಿ ಕೆಳಗಾಗುವಂತೆ ಇಟ್ಟು ಲಟ್ಟಣಿಗೆಯನ್ನು ಒಮ್ಮೆ ಉರುಳಿಸಿದರೆ ಅಚ್ಚು ಸ್ಪಷ್ಟವಾಗಿ ಮೂಡುತ್ತದೆ. ಬೇವಿನ ಎಲೆಯೂ ಚೆನ್ನಾಗಿ ಒಪ್ಪುತ್ತದೆ. ಅಂಗಡಿಯ ಅಲಂಕಾರಗಳಲ್ಲಿ ಇಲ್ಲದ ಊರಿನ ಗುರುತು ಇದರಿಂದ ಸಿಗುತ್ತದೆ, ಮಾರಾಟದ ಮೇಜಿನಲ್ಲಿ ಜನ ಮೊದಲು ಕೈಗೆತ್ತಿಕೊಳ್ಳುವುದೂ ಇವುಗಳನ್ನೇ.

ತೂತು ಕತ್ತರಿಸಿದ ತಕ್ಷಣ ಆಗಬೇಕು, ಒಣಗತೊಡಗಿದ ಮೇಲೆ ಅಲ್ಲ. ಅಂಚಿನಿಂದ ಕನಿಷ್ಠ 8 ಮಿಲಿಮೀಟರ್ ಒಳಗಿರಲಿ. ಹಿಂದೆ ಇದಕ್ಕೆ ಪ್ಲಾಸ್ಟಿಕ್ ಸ್ಟ್ರಾ ಬಳಸುತ್ತಿದ್ದರು. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧವಿದೆ, ಕಾಗದದ ಸ್ಟ್ರಾ ಎರಡು ತೂತಿಗೇ ನೆಂದು ಮುದುಡುತ್ತದೆ. ಸ್ಟೀಲ್ ಸ್ಟ್ರಾ ಅಥವಾ ರೀಫಿಲ್ ತೆಗೆದ ಬಾಲ್‌ಪೆನ್ನಿನ ಕೊಳವೆ ಸಾಕು. ಟೂತ್‌ಪಿಕ್ಕಿನಿಂದ ಚುಚ್ಚಬೇಡಿ, ಚುಚ್ಚಿದ ತೂತು ಹಿಟ್ಟನ್ನು ಪಕ್ಕಕ್ಕೆ ತಳ್ಳಿ ಒತ್ತಡ ಉಳಿಸುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಕೊಳವೆಯಾದರೆ ಅಷ್ಟು ಹಿಟ್ಟನ್ನು ಹೊರತೆಗೆಯುತ್ತದೆ.

ಇನ್ನು ಒಣಗಿಸುವುದು. ಒಂದು ಬದಿ ಬೇಗ ಒಣಗಿ ಕುಗ್ಗಿದರೆ ಇನ್ನೊಂದು ಬದಿ ಹಾಗೆಯೇ ಉಳಿದು ಅಂಚು ಮೇಲೇಳುತ್ತದೆ. ಎಲ್ಲ ಬಾಗುವಿಕೆಗೂ ಇದೊಂದೇ ಕಾರಣ. ಹಾಗಾಗಿ ಎರಡೂ ಬದಿ ಒಂದೇ ವೇಗದಲ್ಲಿ, ನಿಧಾನವಾಗಿ ಒಣಗುವಂತೆ ನೋಡಿಕೊಳ್ಳಬೇಕು. ಬಿಸಿಲಿಗೆ ಇಡಬೇಡಿ, ಅದು ಡಿಸೆಂಬರಿನ ಎಳೆಬಿಸಿಲೇ ಆಗಿರಲಿ. ನ್ಯೂಸ್‌ಪೇಪರಿನ ಮೇಲೆಯೂ ಬೇಡ: ಕಾಗದ ಸುಕ್ಕಾಗಿ ನಕ್ಷತ್ರವೂ ಸುಕ್ಕಾಗುತ್ತದೆ, ಅಕ್ಷರದ ಮಸಿ ಅಂಟುತ್ತದೆ. ಕೇಕ್ ಆರಿಸುವ ತಂತಿಯ ಜಾಲರಿಯ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ ಇಡಿ. ಜಾಲರಿಯಿಲ್ಲದಿದ್ದರೆ ಹಿಟ್ಟು ಸಾಣಿಸುವ ಜರಡಿಯನ್ನು ಬೋರಲು ಹಾಕಿದರೂ ನಡೆಯುತ್ತದೆ. ಮೊದಲ ಐದಾರು ಗಂಟೆ ಫ್ಯಾನ್ ಹಾಕದೆ, ನೆರಳಿನ ಕೋಣೆಯಲ್ಲಿ ಬಿಡಿ. ಮೇಲ್ಮೈ ಬೆರಳಿಗೆ ಅಂಟದಂತಾದಾಗ ಪ್ರತಿಯೊಂದನ್ನೂ ಚಪ್ಪಟೆ ಸಟ್ಟುಗದಿಂದ ಎತ್ತಿ ಮಗುಚಿ. ಬೆರಳಿಂದ ಅಂಚು ಹಿಡಿದು ಎತ್ತಿದರೆ ನಕ್ಷತ್ರದ ತುದಿ ಆ ಕ್ಷಣಕ್ಕೆ ಮುರಿಯದಿದ್ದರೂ ಒಳಗೇ ಸೀಳಿರುತ್ತದೆ. ಆಮೇಲೆ ಫ್ಯಾನನ್ನು ಕಡಿಮೆ ವೇಗದಲ್ಲಿ ಹಾಕಿ, ಎಚ್ಚರವಿರುವಷ್ಟು ಹೊತ್ತು ನಾಲ್ಕೈದು ಗಂಟೆಗೊಮ್ಮೆ ಮಗುಚುತ್ತಿರಿ. ಎಲ್ಲಾದರೂ ಅಂಚು ಎದ್ದಂತೆ ಕಂಡರೆ, ಒಳಗೆ ತೇವ ಉಳಿದಿರುವಾಗಲೇ, ಮೇಲೊಂದು ಬಟರ್ ಪೇಪರ್ ಹಾಕಿ ತೆಳುವಾದ ಪುಸ್ತಕವನ್ನಿಟ್ಟು ಒಂದು ರಾತ್ರಿ ಬಿಡಿ. ಪೂರ್ತಿ ಒಣಗಿದ ಮೇಲೆ ಒತ್ತಿದರೆ ಮುರಿಯುತ್ತದೆ, ನೇರವಾಗುವುದಿಲ್ಲ.

ಸಾಧಾರಣವಾಗಿ ಎರಡು ದಿನ ಸಾಕು. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ನಗರಕ್ಕೆ ಜಿಟಿಜಿಟಿ ಮಳೆ ಬರುವುದುಂಟು. 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಜಲ್ ಚಂಡಮಾರುತದ ಪರಿಣಾಮವಾಗಿ ಹೀಗೆಯೇ ಆಗಿತ್ತು. ಅಂತಹ ದಿನಗಳಲ್ಲಿ ನಾಲ್ಕು ದಿನ ಹಿಡಿಯಬಹುದೆಂದು ಲೆಕ್ಕ ಹಾಕಿಯೇ ಕೆಲಸ ಆರಂಭಿಸಿ. ಒಣಗಿದೆಯೇ ಎಂದು ತಿಳಿಯಲು ನಕ್ಷತ್ರವನ್ನು ಕೆನ್ನೆಗೆ ತಾಗಿಸಿ: ತಂಪೆನಿಸಿದರೆ ಒಳಗಿನ ನೀರು ಇನ್ನೂ ಆರುತ್ತಿದೆ ಎಂದರ್ಥ. ಓವನ್‌ನಲ್ಲಿ ಒಂದು ಗಂಟೆಯಲ್ಲಿ ಮುಗಿಸುವ ಅಡ್ಡದಾರಿಯನ್ನು ಹಲವರು ಹೇಳುತ್ತಾರೆ. ಸುಮಾರು 80 ಡಿಗ್ರಿ ದಾಟಿದ ಮೇಲೆ ಅಡುಗೆ ಸೋಡಾ ಒಡೆದು ಇಂಗಾಲದ ಡೈಆಕ್ಸೈಡ್ ಬಿಡತೊಡಗುತ್ತದೆ. ಮನೆಗಳಲ್ಲಿರುವ ಎಷ್ಟೋ ಓಟಿಜಿಗಳ ಗುಂಡಿಯಲ್ಲಿ ಗುರುತು ಶುರುವಾಗುವುದೇ 100ರಿಂದ. ಅನಿಲ ಹೊರಬರಲು ದಾರಿ ಹುಡುಕುವಾಗ ಮೇಲ್ಮೈ ಉಬ್ಬಿ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಮಾರುವ ವಸ್ತುವಿಗೆ ಈ ದಾರಿ ಬೇಡವೇ ಬೇಡ.

ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಅಂಚನ್ನು ಹಗುರವಾಗಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ನೀರಿನ ಆಧಾರದ ಮ್ಯಾಟ್ ವಾರ್ನಿಷ್ ಅನ್ನು ತೆಳುವಾಗಿ ಎರಡೂ ಬದಿಗೆ ಹಚ್ಚಿ. ಎಣ್ಣೆ ಆಧಾರದ ವಾರ್ನಿಷ್ ಮುಂದಿನ ವರ್ಷಕ್ಕೆ ಹಳದಿಯಾಗುತ್ತದೆ. ಮಿನುಗುಪುಡಿ ಖಂಡಿತ ಬೇಡ, ಅದು ಕೊಂಡವರ ಬಟ್ಟೆಗೆ, ಸೋಫಾಕ್ಕೆ ಅಂಟಿಕೊಳ್ಳುತ್ತದೆ. ದಾರಕ್ಕೆ ಹೊಸೆದ ಹತ್ತಿಯ ಹುರಿಯನ್ನು 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಮಡಿಚಿ, ತೂತಿನಲ್ಲಿ ತೂರಿಸಿ, ಕುಣಿಕೆಯೊಳಗಿಂದ ಎಳೆದು ತುದಿಗೆ ಗಂಟು ಹಾಕಿ. ಸೆಣಬಿನ ಹುರಿ ನೋಡಲು ಚೆಂದವಾದರೂ ಎಳೆ ಬಿಚ್ಚಿಕೊಂಡು ಬಿಳಿಯ ಮೇಲೆ ಕಂದು ನಾರು ಉದುರಿಸುತ್ತದೆ.

ಮೂರು ಮೂರರ ಜೋಡಣೆ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಮಾರಿ. ಪೆಟ್ಟಿಗೆ, ಕಾಗದ, ಹುರಿಗೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ಸುಲ್ತಾನ್‌ಪೇಟೆಯ ಕಡೆ ಹೋದರೆ ಸಗಟು ಬೆಲೆಗೆ ಸಿಗುತ್ತವೆ. ಬಿಡಿಗೆ 60 ರೂಪಾಯಿ, ಮೂರಕ್ಕೆ 150 ರೂಪಾಯಿ ಇಡಿ. ಇದಕ್ಕಿಂತ ಇಳಿಸಿದರೆ ನಿಮ್ಮ ಎರಡು ದಿನಗಳ ಶ್ರಮದಿಂದ ಕೂಡಬೇಕಾದ ನಿಧಿ ಕೂಡುವುದಿಲ್ಲ. ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ‘ಇದು ತಿನ್ನುವ ವಸ್ತುವಲ್ಲ, ಮಕ್ಕಳು ಮತ್ತು ನಾಯಿಗಳಿಗೆ ಎಟುಕದಂತೆ ತೂಗುಹಾಕಿ’ ಎಂದು ದಪ್ಪಕ್ಷರದಲ್ಲಿ ಸೇರಿಸುವುದನ್ನು ಮರೆಯಬೇಡಿ. ನೋಡಲು ಸಕ್ಕರೆ ಲೇಪದ ಬಿಸ್ಕತ್ತಿನಂತಿರುವ ಈ ನಕ್ಷತ್ರಗಳಲ್ಲಿ ಸೋಡಿಯಂ ತುಂಬಿರುತ್ತದೆ, ಒಂದೇ ಒಂದನ್ನು ತಿಂದರೂ ನಾಯಿಯ ಆರೋಗ್ಯಕ್ಕೆ ಅಪಾಯವಾಗಬಹುದು. ಮಾರುವ ಮೇಜಿನಲ್ಲಿ ಕುಳಿತವರೂ ಪೆಟ್ಟಿಗೆ ಕೊಡುವಾಗ ಈ ಮಾತನ್ನು ಬಾಯಿಬಿಟ್ಟು ಹೇಳಬೇಕು.