ಒಂದೇ ಕೋಟೆ, ಮೂರು ಕಪಾಟು

ಚಿತ್ರದುರ್ಗದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಪುಸ್ತಕಗಳನ್ನು, ವಿಷಯಕ್ಕೊಂದು ಸಂಖ್ಯೆ ಕೊಡುವ ಗ್ರಂಥಾಲಯಗಳ ಡ್ಯೂಯಿ ದಶಮಾಂಶ ಪದ್ಧತಿಯಂತೆ ಜೋಡಿಸಿಕೊಟ್ಟೆ. ವಾಸ್ತುಶಿಲ್ಪ 720ಕ್ಕೆ, ಕೋಟೆ ಕಟ್ಟುವ ಸೇನಾ ಎಂಜಿನಿಯರಿಂಗ್ 623ಕ್ಕೆ, ನಕಾಶೆ 912ಕ್ಕೆ ಹೋದವು. ಮೇಷ್ಟ್ರು ಎಲ್ಲವನ್ನೂ ನೋಡಿ, "ಸರಿ ತಾಯಿ, ಇದರಲ್ಲಿ ನಮ್ಮ ದುರ್ಗ ಎಲ್ಲಿದೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಕಲು ಕುಳಿತೆ. ಪದಸೂಚಿಗಳಲ್ಲಿ 'ಕೋಟೆ' ಎಂದು ನೋಡಿದರೆ ಅರಸರ ಹೆಸರು, ಯುದ್ಧಗಳ ಇಸವಿ, ಅಷ್ಟೇ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಂತೂ ಚಿತ್ರದುರ್ಗವೇ ಸಿಗದು. ಅಲ್ಲಿ ಅದು 'ಚಿತಲ್‌ಡ್ರೂಗ್'. ಇದು ಹೊಳೆಯಲು ಎರಡು ದಿನ ಹಿಡಿಯಿತು.

ಆಮೇಲೆ ಕೋಟೆಯನ್ನು ಬಿಟ್ಟು ಅದರ ಅಂಗಗಳನ್ನು ಹುಡುಕಿದೆ: ಬತೇರಿ, ಕೊತ್ತಲ, ಕಂದಕ, ದಿಡ್ಡಿ ಎಂಬ ಕಿರುಬಾಗಿಲು, ಹೊಂಡ. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದು, ಯಾವ ಪದ ಯಾವ ಕಪಾಟಿನ ಯಾವ ಪುಟದಲ್ಲಿದೆ ಎಂದು ಬರೆಯುತ್ತಾ ಹೋದೆ. ಒಂದೇ ಅಂಕಣದಲ್ಲಿ ನಿಂತ ಪದವನ್ನು ಕೈಬಿಟ್ಟೆ.

ಮೂರರಲ್ಲೂ ಗಟ್ಟಿಯಾಗಿ ನಿಂತದ್ದು ಹೊಂಡ. ವಾಸ್ತುಶಿಲ್ಪದ ಪುಸ್ತಕಕ್ಕೆ ಅದು ಮೆಟ್ಟಿಲುಗಳ ಅಂದ, ನಕಾಶೆಗೆ ಒಂದು ಚಿಕ್ಕ ಚೌಕ, ಸೇನೆಯ ಪುಸ್ತಕಕ್ಕೆ ಮುತ್ತಿಗೆಯ ಕಾಲದ ಉಸಿರು. ದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. 1779ರಲ್ಲಿ ಹೈದರಾಲಿಯ ವಶವಾಗುವ ಮುನ್ನ ಈ ಕೋಟೆ ದೀರ್ಘ ಮುತ್ತಿಗೆಗಳನ್ನು ತಾಳಿಕೊಂಡಿತ್ತು. ಗೋಡೆಯ ದಪ್ಪವನ್ನು ಹೊಗಳುವವರು ಈ ನೀರಿನ ಇಳಿಜಾರನ್ನೂ ಅಷ್ಟೇ ಹೊಗಳಬೇಕು ಎಂಬುದು ನನ್ನ ನಂಬಿಕೆ. ಬಾಲ್ಯದಿಂದ ಆ ಮೆಟ್ಟಿಲುಗಳ ಮೇಲೆ ಕುಳಿತವಳು ನಾನು. ಅದು ರಕ್ಷಣೆಯ ಕಟ್ಟಡವೆಂದು ತಿಳಿದದ್ದು ಈ ಹುಡುಕಾಟದಲ್ಲಿ.

ನಕಾಶೆ ಬರೆದವರ ಜಾಡನ್ನೂ ಹಿಡಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಸರ್ವೆಯ ಹೊಣೆ ಹೊತ್ತ ಕಾಲಿನ್ ಮೆಕೆಂಜಿ ಮದ್ರಾಸ್ ಸೇನೆಯ ಎಂಜಿನಿಯರ್. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ, ಶಾಸನಗಳನ್ನೂ ಊರೂರಿನ ವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಸಂಗ್ರಹಿಸಿದವನೂ ಅವನೇ. ಸೇನೆ, ನಕಾಶೆ, ಶಾಸನ ಒಬ್ಬನ ಕೈಯಲ್ಲೇ ಇದ್ದವು. ಬೇರೆ ಮಾಡಿದ್ದು ಕಪಾಟುಗಳು. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 11ನೆಯ ಸಂಪುಟವನ್ನು ನೋಡಬೇಕು, ಅದು ನಮ್ಮ ಜಿಲ್ಲೆಯದೇ.

ಪುಸ್ತಕದ ಕೊನೆಗೆ ಮಡಿಚಿ ಅಂಟಿಸಿದ ನಕಾಶೆಗಳು ಪಟ್ಟಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಪ್ರತಿಯೊಂದನ್ನೂ ಬಿಡಿಸಿಯೇ ನೋಡಬೇಕು. ಎರವಲು ತಂದ ಒಂದು ಪುಸ್ತಕದಲ್ಲಿ ನಕಾಶೆಯನ್ನೇ ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ಹೊಟ್ಟೆ ಉರಿಯಿತು.

ಈಗ 623ರ ಕಪಾಟಿನಲ್ಲಿ ಒಂದು ರಟ್ಟು ನಿಲ್ಲಿಸಿದ್ದೇನೆ: 'ಹೊಂಡ: 720, 912 ನೋಡಿ'. ಉಳಿದೆರಡು ಕಪಾಟುಗಳಲ್ಲೂ ಅದರ ಜೊತೆ ರಟ್ಟುಗಳಿವೆ. ಮೇಷ್ಟ್ರು ಮೊನ್ನೆ ದಿಡ್ಡಿಗೂ ಒಂದು ಬರೆಯಲು ಹೇಳಿದ್ದಾರೆ.