ಶಾಟ್‌ಗನ್ ಪ್ಯಾಟರ್ನ್: ನಿಮ್ಮ ಕೋವಿಗೆ ಯಾವ ತೋಟೆ, ಯಾವ ಚೋಕ್ ಎಂದು ಕಾಗದದ ಮೇಲೆ ಪರೀಕ್ಷಿಸುವುದು ಹೇಗೆ

ಚರೆ ಹರಡುವುದನ್ನು ಹಿಡಿತದಲ್ಲಿಡಲು ನಳಿಗೆಯ ತುದಿಯನ್ನು ಕಿರಿದಾಗಿಸುವ ಭಾಗವೇ ಚೋಕ್. ಅದರ ಮೇಲೆ 'ಹಾಫ್' ಎಂದು ಕೊರೆದಿದ್ದರೆ, ನಳಿಗೆಯ ತುದಿ ಎಷ್ಟು ಕಿರಿದಾಗಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆ ನಳಿಗೆಯಿಂದ ಹೊರಟ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) 35 ಮೀಟರ್ ಆಚೆ ಹೇಗೆ ಹರಡುತ್ತದೆ, ಅಂದರೆ ಅದರ ಪ್ಯಾಟರ್ನ್ ಏನು ಎಂಬುದು ಬೇರೆಯೇ ವಿಷಯ. ಚರೆಯ ಗಾತ್ರ, ಅದರ ಗಡಸುತನ, ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಟೆ), ವೇಗ, ನಳಿಗೆಯ ಒಳವ್ಯಾಸ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ. ಒಂದೇ ಚೋಕ್, ಎರಡು ಬಗೆಯ ತೋಟೆ: ಒಂದರಲ್ಲಿ ಕ್ವಾರ್ಟರ್‌ನಂತೆ (ಹೆಚ್ಚು ಅಗಲವಾಗಿ), ಇನ್ನೊಂದರಲ್ಲಿ ತ್ರೀ-ಕ್ವಾರ್ಟರ್‌ನಂತೆ (ಹೆಚ್ಚು ಬಿಗಿಯಾಗಿ) ಹರಡುವುದುಂಟು. ತೋಟೆ ಬದಲಿಸಿ, ಚೋಕ್ ಬದಲಿಸಿ ದುಡ್ಡು ಸುರಿಯುವ ಮೊದಲು ಕಾಗದಕ್ಕೆ ಹೊಡೆದು ಎಣಿಸಿ. ಅರ್ಧ ದಿನದ ಕೆಲಸ, ಅಷ್ಟೆ.

ಮೊದಲು ಸುರಕ್ಷತೆ

ಪರವಾನಗಿ ಇರುವ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಇದನ್ನು ಮಾಡಬೇಕು. ಸಣ್ಣ ಚರೆ ಕೂಡ ಸುಮಾರು 200 ಮೀಟರ್‌ವರೆಗೆ ಹೋಗಿ ಬೀಳಬಹುದು. ದಿಬ್ಬವಿಲ್ಲದಿದ್ದರೆ ಮುಂದೆ ಕನಿಷ್ಠ 275 ಮೀಟರ್ ಜನಸಂಚಾರವಿಲ್ಲದ ಬಯಲು ಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕಡ್ಡಾಯ. ಹಾಳೆ ಬದಲಿಸಲು ಹೋಗುವ ಪ್ರತಿ ಸಲವೂ ಕೋವಿ ಖಾಲಿ ಮಾಡಿ, ತೆರೆದಿಟ್ಟು, ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ ಹೋಗಬೇಕು. ಹತ್ತಾರು ಸಲ ಮುಂದಕ್ಕೂ ಹಿಂದಕ್ಕೂ ನಡೆಯುವ ಕೆಲಸವಿದು, ಬೇಸರ ಬಂದಾಗಲೇ ಎಚ್ಚರ ತಪ್ಪುತ್ತದೆ.

ತೋಟೆಯ ಉದ್ದ ಚೇಂಬರ್‌ಗಿಂತ (ನಳಿಗೆಯಲ್ಲಿ ತೋಟೆ ಕೂರುವ ಭಾಗ) ಹೆಚ್ಚಿರಬಾರದು. 65, 70, 76 ಮಿ.ಮೀ. ಎಂದು ನಳಿಗೆಯ ಮೇಲೆ ಬರೆದಿರುತ್ತದೆ. ಬಳಸಿದ ಖಾಲಿ ತೋಟೆಯನ್ನು ಅಳೆದು ತೀರ್ಮಾನಿಸಿ. ಹೊಸ ತೋಟೆಯ ಬಾಯಿ ಮಡಿಚಿರುವುದರಿಂದ ಅದು ಗಿಡ್ಡವಾಗಿ ಕಾಣುತ್ತದೆ, 76ರ ತೋಟೆಯೂ 70ರ ಚೇಂಬರಿನಲ್ಲಿ ಸಲೀಸಾಗಿ ಕೂತುಬಿಡಬಹುದು. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇನ್ನು 12 ಬೋರ್ ಕೋವಿ ಇರುವ ಮೇಜಿನ ಮೇಲೆ ಅದಕ್ಕಿಂತ ಸಪೂರವಾದ 20 ಬೋರ್ ತೋಟೆ ಇರಲೇಬಾರದು. ಅದು 12ರ ಚೇಂಬರಿನಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಎನಿಸುತ್ತದೆ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಕೊಟ್ಟಿರುವುದೇ ಈ ಕಾರಣಕ್ಕೆ.

ಬಿಚ್ಚುವ ಚೋಕ್ ಇರುವ ಕೋವಿಯನ್ನು ಚೋಕ್ ಇಲ್ಲದೆ ಹೊಡೆಯಬೇಡಿ, ತಿರುಪಿನ ಎಳೆಗಳು ಹಾಳಾಗುತ್ತವೆ. ಹೊಡೆಯುತ್ತಾ ಹೋದಂತೆ ಚೋಕ್ ಸಡಿಲಾಗುತ್ತದೆ. ಐದು ಈಡಿಗೊಮ್ಮೆ ಕೋವಿ ಖಾಲಿ ಮಾಡಿ ಬಿಗಿ ನೋಡಿ.

ಬೇಕಾದ ಸಾಮಾನು

120 ಸೆಂ.ಮೀ. ಚೌಕದ ಹಾಳೆಗಳು, ಒಂದು ಈಡಿಗೆ ಒಂದು. ಇದಕ್ಕಿಂತ ಚಿಕ್ಕ ಹಾಳೆಯಾದರೆ ಪ್ಯಾಟರ್ನ್ ಸ್ವಲ್ಪ ಪಕ್ಕಕ್ಕೆ ಬಿದ್ದರೂ ಅರ್ಧ ಹೊರಗೇ ಉಳಿಯುತ್ತದೆ. ಹಾಳೆ ಹೊಡೆದು ನಿಲ್ಲಿಸಲು ಮರದ ಚೌಕಟ್ಟು, ಉದ್ದದ ಅಳತೆ ಟೇಪು, ಮಾರ್ಕರ್, 38 ಸೆಂ.ಮೀ. ದಾರ ಕಟ್ಟಿದ ಪೆನ್ನು ಬೇಕು. ಜೊತೆಗೆ 11 ಸೆಂ.ಮೀ. ವ್ಯಾಸಕ್ಕೆ ಕತ್ತರಿಸಿದ ರಟ್ಟಿನ ಬಿಲ್ಲೆ. ಗಾಳಿಗೆ ಹಾರಿಸಿ ಹೊಡೆಯುವ ಮಣ್ಣಿನ ಗುರಿಬಿಲ್ಲೆಯ ಅಳತೆ ಅದು, ಮುಂದೆ ಉಪಯೋಗಕ್ಕೆ ಬರುತ್ತದೆ.

ಕೆಲವು ರೇಂಜ್‌ಗಳಲ್ಲಿ ಬಿಳಿ ಬಣ್ಣ ಬಳಿದ ಉಕ್ಕಿನ ತಗಡು ಇರುತ್ತದೆ. ಈಡು ಎಲ್ಲಿ ಬೀಳುತ್ತಿದೆ ಎಂದು ಬೇಗ ನೋಡಲು ಅದು ಅನುಕೂಲ, ಎಣಿಸಲು ಅಲ್ಲ. ಉಕ್ಕಿನ ಚರೆಯನ್ನಂತೂ ತಗಡಿಗೆ ಹೊಡೆಯಲೇಬಾರದು. ಸೀಸ ಚಪ್ಪಟೆಯಾಗಿ ಬೀಳುತ್ತದೆ, ಉಕ್ಕು ಪುಟಿದು ವಾಪಸ್ ಬರುತ್ತದೆ.

ತೋಟೆಯಲ್ಲಿ ಚರೆ ಎಷ್ಟಿದೆ?

ವೃತ್ತವೊಂದರೊಳಗೆ ಎಷ್ಟು ಪಾಲು ಚರೆ ಬಿತ್ತು ಎಂಬ ಶೇಕಡಾವಾರು ಲೆಕ್ಕಕ್ಕೆ ಒಟ್ಟು ಚರೆಯ ಸಂಖ್ಯೆ ಗೊತ್ತಿರಬೇಕು. ಅದಕ್ಕಾಗಿ ತೋಟೆಯನ್ನು ಕೊಯ್ಯುವುದು ಬೇಕಿಲ್ಲ. ಡಬ್ಬಿಯ ಮೇಲಿನ ತೂಕ ಮತ್ತು ಚರೆಯ ವ್ಯಾಸ ಸಾಕು. 28 ಗ್ರಾಂ ಸೀಸದಲ್ಲಿ 2.0 ಮಿ.ಮೀ. ಚರೆ ಸುಮಾರು 600, 2.3 ಮಿ.ಮೀ. ಸುಮಾರು 400, 2.4 ಮಿ.ಮೀ. ಸುಮಾರು 350, 2.6 ಮಿ.ಮೀ. ಸುಮಾರು 275 ಇರುತ್ತದೆ. 24 ಗ್ರಾಂ ತೋಟೆಯಾದರೆ ಇದನ್ನು 28ರಿಂದ ಭಾಗಿಸಿ 24ರಿಂದ ಗುಣಿಸಿ.

ಲೆಕ್ಕಕ್ಕೆ ಚರೆಯ ಗಾತ್ರದ ನಂಬರ್ ಅಲ್ಲ, ಮಿಲಿಮೀಟರ್ ಹಿಡಿಯಿರಿ. ಅಮೆರಿಕದ ಏಳೂವರೆ ನಂಬರ್ ಅಂದರೆ 2.4 ಮಿ.ಮೀ., ಬ್ರಿಟಿಷ್ ಏಳೂವರೆ ಸುಮಾರು 2.3. ನೋಡಲು ಪುಟ್ಟ ವ್ಯತ್ಯಾಸ, ಆದರೆ ಒಂದು ತೋಟೆಯಲ್ಲಿ ಐವತ್ತು ಚರೆ ಹೆಚ್ಚುಕಡಿಮೆ. ಈ ಒಂದು ತಪ್ಪಿನಿಂದ ಒಳ್ಳೆಯ ತೋಟೆಯೊಂದು ಕೆಟ್ಟದೆಂದು ಮೂಲೆ ಸೇರುವುದುಂಟು.

ಮೊದಲ ಪರೀಕ್ಷೆ: ಈಡು ಎಲ್ಲಿ ಬೀಳುತ್ತದೆ?

ಹರಡುವಿಕೆ ಎಣಿಸುವ ಮೊದಲು, ನೀವು ನೋಡಿದಲ್ಲಿಗೇ ಈಡು ಹೋಗುತ್ತಿದೆಯೇ ಎಂದು ತಿಳಿಯಬೇಕು. ಅತಿ ಬಿಗಿಯಾದ ಚೋಕ್ ಹಾಕಿ. ಹಾಳೆಯ ನಡುವೆ ಮುಷ್ಟಿಗಾತ್ರದ ಕಪ್ಪು ಚುಕ್ಕೆ ಬರೆದು, 14.6 ಮೀಟರ್ (16 ಗಜ) ದೂರದಲ್ಲಿ ನಿಲ್ಲಿ. ಕೋವಿಯನ್ನು ಹೆಗಲಿಗೆ ಏರಿಸಿದ ಕೂಡಲೇ, ಗುರಿ ತಿದ್ದದೆ ಹೊಡೆಯಿರಿ. ಕಣ್ಣು ಚುಕ್ಕೆಯ ಮೇಲಿರಲಿ, ನಳಿಗೆಯ ಮೇಲಲ್ಲ. ಒಂದೇ ಹಾಳೆಗೆ ನಾಲ್ಕೈದು ಈಡು ಹೊಡೆದರೆ ನಡುವೆ ಹರಿದ ರಂಧ್ರವೊಂದು ಮೂಡುತ್ತದೆ. ಅದರ ಕೇಂದ್ರ ಚುಕ್ಕೆಯಿಂದ ಎಷ್ಟು ದೂರ ಎಂದು ಅಳೆಯಿರಿ.

16 ಗಜವೇ ಏಕೆಂದರೆ ಲೆಕ್ಕ ಸುಲಭ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ, ಗುರಿಗೆ ಹದಿನಾರು. ಹಾಳೆಯ ಮೇಲೆ 25 ಮಿ.ಮೀ. ತಪ್ಪಿದರೆ ಬಟ್‌ನಲ್ಲಿ (ಹೆಗಲಿಗೆ ಒತ್ತುವ ಹಿಂಭಾಗದ ಮರ) ತಿದ್ದಬೇಕಾದದ್ದು 25ರ ಹದಿನಾರನೇ ಒಂದು ಪಾಲು, ಅಂದರೆ 1.6 ಮಿ.ಮೀ. ಈಡು ಮೇಲಕ್ಕೆ ಹೋದರೆ ಕೆನ್ನೆ ತಾಗುವ ಭಾಗ ಎತ್ತರವಾಗಿದೆ ಎಂದರ್ಥ. ಬಲಗೈಯವರ ಈಡು ಎಡಕ್ಕೆ ಬಿದ್ದರೆ ಬಟ್ ಇನ್ನಷ್ಟು ಬಲಕ್ಕೆ ವಾಲಬೇಕು. ಶಾಟ್‌ಗನ್‌ಗೆ ಹಿಂದಿನ ಸೈಟ್ ಇಲ್ಲ, ನಿಮ್ಮ ಕಣ್ಣೇ ಹಿಂದಿನ ಸೈಟ್. ಅದು ಎಲ್ಲಿ ಕೂರುತ್ತದೆ ಎಂಬುದನ್ನು ಬಟ್ ತೀರ್ಮಾನಿಸುತ್ತದೆ. ಮರ ಕೆತ್ತಿಸುವ ಮೊದಲು ಬೇರೆ ದಿನ ಮತ್ತೊಮ್ಮೆ ಹೊಡೆದು ನೋಡಿ. ದಣಿದ ಕೈ ಬೇರೆಯದೇ ಉತ್ತರ ಕೊಡುತ್ತದೆ.

ಟ್ರಾಪ್ (ಮುಂದಕ್ಕೆ ದೂರ ಹಾರಿಹೋಗುವ ಬಿಲ್ಲೆಗೆ ಹೊಡೆಯುವ ಆಟ) ಕೋವಿಗಳು ಬೇಕೆಂದೇ ಮೇಲಕ್ಕೆ ಹೊಡೆಯುತ್ತವೆ, ಏಕೆಂದರೆ ಅಲ್ಲಿ ಬಿಲ್ಲೆ ಏರುತ್ತಾ ಹೋಗುತ್ತದೆ. ಚುಕ್ಕೆಯ ಮೇಲೆ ಶೇ. 70, ಕೆಳಗೆ ಶೇ. 30 ಚರೆ ಬೀಳುವುದು ಅಲ್ಲಿ ದೋಷವಲ್ಲ.

ಎರಡನೆಯದು: ಹರಡುವಿಕೆ

ಚೋಕ್‌ಗಳ ಶೇಕಡಾವಾರು ಎಲ್ಲ 36.6 ಮೀಟರ್ (40 ಗಜ) ದೂರಕ್ಕೆ, 76 ಸೆಂ.ಮೀ. (30 ಇಂಚು) ವೃತ್ತಕ್ಕೆ ಹೇಳಿದ್ದು. ಸಿಲಿಂಡರ್‌ಗೆ (ತುದಿ ಕಿರಿದಾಗಿಲ್ಲದ ನಳಿಗೆ) ಶೇ. 40, ಕ್ವಾರ್ಟರ್‌ಗೆ 55, ಹಾಫ್‌ಗೆ 60, ತ್ರೀ-ಕ್ವಾರ್ಟರ್‌ಗೆ 65, ಫುಲ್‌ಗೆ 70. ದೂರವನ್ನು ನಳಿಗೆಯ ತುದಿಯಿಂದ ಟೇಪು ಹಿಡಿದೇ ಅಳೆಯಿರಿ. ಹೆಜ್ಜೆ ಲೆಕ್ಕ ಎರಡು ಮೀಟರ್ ತಪ್ಪಿದರೂ ಶೇಕಡಾವಾರು ಬದಲಾಗುತ್ತದೆ.

ಹೊಡೆಯುವ ಮೊದಲೇ ಹಾಳೆಯ ಮೂಲೆಯಲ್ಲಿ ನಳಿಗೆ (ಮೇಲಿನದೋ ಕೆಳಗಿನದೋ), ಚೋಕ್, ತೋಟೆಯ ಹೆಸರು, ತೂಕ, ಚರೆಯ ಗಾತ್ರ, ದೂರ, ಗಾಳಿ ಬರೆಯಿರಿ. ಹತ್ತು ಹಾಳೆ ಆದಮೇಲೆ ಯಾವುದು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಕುಳಿತು, ಮುಂಗೈಯನ್ನು ಮರಳಿನ ಚೀಲದ ಮೇಲಿಟ್ಟು ಹೊಡೆಯಿರಿ. ಇಲ್ಲಿ ಪರೀಕ್ಷೆ ಕೋವಿಯದು, ನಿಮ್ಮದಲ್ಲ.

ಹಾಳೆ ಇಳಿಸಿದ ಮೇಲೆ ಚರೆಯ ಗುಂಪಿನ ಕೇಂದ್ರ ಹುಡುಕಬೇಕು. ಗುರಿಯ ಚುಕ್ಕೆಯ ಸುತ್ತ ವೃತ್ತ ಎಳೆಯಬೇಡಿ. ಎಡಕ್ಕೂ ಬಲಕ್ಕೂ ಸಮ ರಂಧ್ರ ಬರುವಂತೆ ಒಂದು ಉದ್ದಗೆರೆ, ಮೇಲೂ ಕೆಳಗೂ ಸಮ ಬರುವಂತೆ ಒಂದು ಅಡ್ಡಗೆರೆ ಎಳೆಯಿರಿ. ಎರಡೂ ಕೂಡುವ ಜಾಗವೇ ಕೇಂದ್ರ. ಅಲ್ಲಿಂದ 38 ಸೆಂ.ಮೀ. ದಾರದಲ್ಲಿ ಹೊರವೃತ್ತ, 25.5 ಸೆಂ.ಮೀ. ದಾರದಲ್ಲಿ ಒಳವೃತ್ತ ಎಳೆಯಿರಿ. ಎಣಿಸಿದ ಪ್ರತಿ ರಂಧ್ರಕ್ಕೂ ಮಾರ್ಕರ್‌ನಿಂದ ಗೀಟು ಹಾಕುತ್ತಾ, ಕಾಲುಭಾಗ ಕಾಲುಭಾಗವಾಗಿ ಎಣಿಸಿ.

ಉದಾಹರಣೆಗೆ 350 ಚರೆಯ ತೋಟೆ, ಐದು ಹಾಳೆ. ಹೊರವೃತ್ತದೊಳಗೆ 214, 221, 203, 228, 209 ಸಿಕ್ಕಿತೆಂದುಕೊಳ್ಳಿ. ಸರಾಸರಿ 215, ಅಂದರೆ ಶೇ. 61, ಹಾಫ್ ಚೋಕ್‌ನ ಫಲ. ಆದರೆ ಮೂರನೇ ಹಾಳೆ ಒಂದನ್ನೇ ನೋಡಿದ್ದರೆ ಶೇ. 58, ನಾಲ್ಕನೆಯದನ್ನಷ್ಟೇ ನೋಡಿದ್ದರೆ ಶೇ. 65. ಒಂದು ಹಾಳೆಯಿಂದ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ. ಐದು ಕನಿಷ್ಠ, ಹತ್ತು ಒಳ್ಳೆಯದು. ಐದೈದು ಹಾಳೆಯ ಎರಡು ಸರಾಸರಿಗಳ ನಡುವೆ ಶೇ. 2–3 ಅಂತರವಿದ್ದರೆ ಎರಡೂ ತೋಟೆ ಒಂದೇ ಎಂದು ತಿಳಿಯಿರಿ.

ಒಳವೃತ್ತ ಹೇಳುವುದು

ಒಳವೃತ್ತದ ವಿಸ್ತೀರ್ಣ ಹೊರವೃತ್ತದ ಸುಮಾರು ಶೇ. 45. ಆದರೆ ಚರೆ ಯಾವಾಗಲೂ ನಡುವೆ ದಟ್ಟ. ಶೇ. 60ರ ಪ್ಯಾಟರ್ನ್‌ನಲ್ಲಿ ಹೊರವೃತ್ತಕ್ಕೆ ಬಿದ್ದದ್ದರಲ್ಲಿ ಸುಮಾರು ಶೇ. 55 ಒಳವೃತ್ತದಲ್ಲೇ ಇರುವುದು ಸಹಜ. ಅದು ಶೇ. 65 ದಾಟಿದರೆ ನಡುಭಾಗ ಅತಿಯಾಗಿ ತುಂಬಿದೆ, ಅಂಚು ಬಡವಾಗಿದೆ. ನಡುವೆ ಸಿಕ್ಕ ಬಿಲ್ಲೆ ಪುಡಿಪುಡಿ, ಅಂಚಿಗೆ ಸಿಕ್ಕದ್ದು ಹಾಗೇ ಹಾರಿಹೋಗುತ್ತದೆ. ಪುಡಿಯಾಗುವುದನ್ನು ನೋಡಿ ಸಂತೋಷಪಟ್ಟು ಅದೇ ಚೋಕ್‌ಗೆ ಅಂಟಿಕೊಳ್ಳುವವರು ಬಹಳ. ಒಂದು ಮೆಟ್ಟಿಲು ತೆರೆದ ಚೋಕ್ ಹಾಕಿದರೆ ಒಟ್ಟು ಅಂಕ ಏರುವ ಸಾಧ್ಯತೆಯೇ ಹೆಚ್ಚು.

ಈಗ ರಟ್ಟಿನ ಬಿಲ್ಲೆಯನ್ನು ಹಾಳೆಯ ಮೇಲೆ ಅಲ್ಲಲ್ಲಿ ಇಟ್ಟು ಎಷ್ಟು ರಂಧ್ರ ಮುಚ್ಚುತ್ತದೆ ನೋಡಿ. 76 ಸೆಂ.ಮೀ. ವೃತ್ತದಲ್ಲಿ ಬಿಲ್ಲೆಯ ಪೂರ್ಣಮುಖ ಸುಮಾರು 48ನೇ ಒಂದು ಪಾಲು. 240 ಚರೆ ಒಳಗಿದ್ದರೆ ಸರಾಸರಿ ಐದು ತಾಗುತ್ತದೆ. ಬಿಲ್ಲೆ ಅಂಚು ತೋರಿಸಿ ಹಾರುವಾಗ ಕಾಣುವುದು ಅದರ ಮೂರನೇ ಒಂದಕ್ಕಿಂತಲೂ ಕಡಿಮೆ, ಆಗ ಒಂದೂವರೆ ಚರೆ. ಸರಾಸರಿ ಒಂದೂವರೆ ಎಂದರೆ ಐದರಲ್ಲಿ ಒಂದು ಸಲವಾದರೂ ಒಂದೂ ತಾಗದೆ ಹೋಗಬಹುದು. ಆ ದೂರಕ್ಕೆ ಇನ್ನೂ ಬಿಗಿಯಾದ ಚೋಕ್ ಬೇಕೆಂದು ಇಷ್ಟರಿಂದಲೇ ಗೊತ್ತಾಗುತ್ತದೆ.

ಒಂದು ಹಾಳೆಯಲ್ಲಿ ಬಿಲ್ಲೆ ತೂರುವಷ್ಟು ಖಾಲಿ ಜಾಗ ಕಂಡರೆ ಗಾಬರಿ ಬೇಡ. ಮುಂದಿನ ಹಾಳೆಯಲ್ಲಿ ಅದು ಇನ್ನೆಲ್ಲೋ ಇರುತ್ತದೆ. ಐದೂ ಹಾಳೆಯಲ್ಲಿ ಒಂದೇ ಕಡೆ ಖಾಲಿ ಬಿದ್ದರೆ ಮಾತ್ರ ನಳಿಗೆಯ ತುದಿ ಜಜ್ಜಿದೆಯೇ, ಚೋಕ್ ಓರೆಯಾಗಿ ಕೂತಿದೆಯೇ, ಒಳಗೆ ಪ್ಲಾಸ್ಟಿಕ್ ಮೆತ್ತಿದೆಯೇ ಎಂದು ನೋಡಬೇಕು.

ಫಲ ಅಂದುಕೊಂಡಂತೆ ಬರದಿದ್ದರೆ

ಅಂದುಕೊಂಡದ್ದಕ್ಕಿಂತ ತೆರೆದಿದ್ದರೆ ಮೊದಲ ಸಂಶಯ ಚರೆಯ ಮೇಲೆ. ಮೆತ್ತನೆಯ ಸೀಸ ಹೊರಡುವ ಹೊಡೆತಕ್ಕೇ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಗುಂಪು ಬಿಟ್ಟು ಹೊರಗೆ ಸಿಡಿಯುತ್ತದೆ. ಸೀಸವನ್ನು ಗಡಸಾಗಿಸಲು ಬೆರೆಸುವ ಆಂಟಿಮನಿ ಹೆಚ್ಚಿರುವ ಚರೆ ದುಂಡಗೇ ಉಳಿಯುತ್ತದೆ. ಎರಡನೆಯದು ವೇಗ. ಅತಿ ವೇಗದ ತೋಟೆಯಲ್ಲಿ ಹೊಡೆತ ಜೋರು, ಚರೆ ಹೆಚ್ಚು ಕೆಡುತ್ತದೆ. ಡಬ್ಬಿಯ ಮೇಲಿನ ದೊಡ್ಡ ವೇಗದ ಅಂಕಿ ನೋಡಿ ಕೊಳ್ಳುವವರು ಇದನ್ನೊಮ್ಮೆ ಕಾಗದದ ಮೇಲೆ ನೋಡಬೇಕು. ಮೂರನೆಯದು ವ್ಯಾಡ್. ಪ್ಲಾಸ್ಟಿಕ್ ಬಟ್ಟಲು ಚರೆಯನ್ನು ನಳಿಗೆಗೆ ಉಜ್ಜದಂತೆ ಕಾಯುತ್ತದೆ. ನಾರಿನ ವ್ಯಾಡ್‌ನಲ್ಲಿ ಆ ರಕ್ಷಣೆ ಇಲ್ಲ, ಪ್ಯಾಟರ್ನ್ ಸಾಮಾನ್ಯವಾಗಿ ತುಸು ತೆರೆದೇ ಬರುತ್ತದೆ.

ಬಿಗಿ ಚೋಕ್ ಹಾಕಿದಷ್ಟೂ ಶೇಕಡಾವಾರು ಏರುತ್ತಲೇ ಹೋಗುವುದಿಲ್ಲ. ಒಂದು ಹಂತ ದಾಟಿದರೆ ಚೋಕ್‌ನಲ್ಲೇ ಚರೆ ನಜ್ಜುಗುಜ್ಜಾಗಿ ಹಾಳೆಗಳ ನಡುವೆ ಏರುಪೇರು ಹೆಚ್ಚುತ್ತದೆ. ಸರಾಸರಿ ಚೆನ್ನಾಗಿದ್ದೂ ಒಂದು ಹಾಳೆ ಶೇ. 75, ಇನ್ನೊಂದು ಶೇ. 55 ಎಂದರೆ ಆ ಜೋಡಿಯನ್ನು ಬಿಟ್ಟುಬಿಡಿ.

ಉಕ್ಕಿನ ಚರೆಯ ಲೆಕ್ಕವೇ ಬೇರೆ. ಅದು ಚಪ್ಪಟೆಯಾಗದ ಕಾರಣ ಅದೇ ಚೋಕ್‌ನಲ್ಲಿ ಸೀಸಕ್ಕಿಂತ ಬಿಗಿಯಾಗಿ ಹೋಗುತ್ತದೆ. ನಿಮ್ಮ ನಳಿಗೆಗೆ ಉಕ್ಕಿನ ಚರೆಯ ಪ್ರಮಾಣಮುದ್ರೆ ಇದೆಯೇ ಎಂದು ಮೊದಲು ನೋಡಿ. ಇದ್ದರೂ ದಪ್ಪ ಉಕ್ಕಿನ ಚರೆಯನ್ನು ಹಾಫ್‌ಗಿಂತ ಬಿಗಿಯಾದ ಚೋಕ್‌ನಲ್ಲಿ ಹೊಡೆಯಬೇಡಿ. ಮೇಲೆ ಕೊಟ್ಟ ಚರೆಸಂಖ್ಯೆಗಳೂ ಸೀಸಕ್ಕೆ ಮಾತ್ರ. ಉಕ್ಕು ಹಗುರ, ಅದೇ ತೂಕದಲ್ಲಿ ಹೆಚ್ಚು ಚರೆ ಇರುತ್ತದೆ.

ಎರಡು ನಳಿಗೆಯ ಕೋವಿಯಾದರೆ ಎರಡರ ಕೇಂದ್ರಗಳೂ ಒಂದೇ ಕಡೆ ಬರುತ್ತವೆಯೇ ಎಂದು ಐದೈದು ಹಾಳೆಯ ಸರಾಸರಿ ಹಿಡಿದು ನೋಡಿ. ಅಂತರ ಒಂದು ಗೇಣು ದಾಟಿದರೆ ಕೋವಿ ತಿದ್ದುವವರ ಬಳಿ ಹಾಳೆಗಳನ್ನೂ ಜೊತೆಗೇ ಒಯ್ಯಿರಿ. ಬಾಯಿಮಾತಿನ ದೂರಿಗಿಂತ ಹತ್ತು ಹಾಳೆ ನೋಡಿದರೆ ಅವರಿಗೂ ಕೆಲಸ ಸಲೀಸು.

ಕೊನೆಗೆ, ನೀವು ನಿಜವಾಗಿ ಹೊಡೆಯುವ ದೂರದಲ್ಲೂ ಎರಡು ಮೂರು ಹಾಳೆ ಹೊಡೆಯಿರಿ. ಸ್ಕೀಟ್ (ಹತ್ತಿರದಲ್ಲಿ ಅಡ್ಡ ಹಾಯುವ ಬಿಲ್ಲೆಗೆ ಹೊಡೆಯುವ ಆಟ) ಆಡುವವರಿಗೆ ಅದು 20 ಮೀಟರ್ ಆಸುಪಾಸು, 36.6ರ ಅಂಕಿ ಅವರಿಗೆ ಹೆಚ್ಚು ಉಪಯೋಗವಿಲ್ಲ. ಚಳಿಗೆ ಗಾಳಿ ದಟ್ಟವಾಗಿ ಪ್ಯಾಟರ್ನ್ ತುಸು ತೆರೆಯುವುದರಿಂದ ಬೇಸಿಗೆಯ ಹಾಳೆಯನ್ನು ಚಳಿಗಾಲದ ಹಾಳೆಯ ಜೊತೆ ಹೋಲಿಸಬೇಡಿ. ತೋಟೆಯ ಹೊಸ ಬ್ಯಾಚ್ ಬಂದಾಗ ಮತ್ತೆ ಐದು ಹಾಳೆ ಹೊಡೆದರೆ ಸಾಕು. ಕೆಲಸ ಮುಗಿದ ಮೇಲೆ, ನೀರು ಬಾಟಲಿ ಮುಟ್ಟುವ ಮೊದಲೇ, ಕೈಯ ಸೀಸದ ಮಸಿಯನ್ನು ಸೋಪು ಹಾಕಿ ತೊಳೆಯಿರಿ.